ಫಕೀರವ್ವ ಮಂಡಿಸಿದ ಠರಾವು

ಆ ಊರಿನ ಬಸ್ ನಿಲ್ದಾಣದಲ್ಲಿ ಕೂರಲು ಜಾಗವಿರಲಿಲ್ಲ. ಎತ್ತರದ ಚಾವಣಿಯಿತ್ತು, ಬಣ್ಣ ಹಚ್ಚಿದ ಕಂಬಗಳಿದ್ದವು, ದೊಡ್ಡ ಗಡಿಯಾರವಿತ್ತು, ಒಂದು ಕಲ್ಲುಬೆಂಚು ಮಾತ್ರ ಇರಲಿಲ್ಲ. ನಾನು ಎರಡು ಚೀಲ ಹಿಡಿದು ಇಳಿದಾಗ ಹತ್ತಾರು ಜನ ನೆಲದ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದರು. ಒಬ್ಬ ಮುದುಕಿ ಸರಿದು ನನಗೆ ಜಾಗ ಮಾಡಿಕೊಟ್ಟಳು. ಇಷ್ಟು ದೊಡ್ಡ ನಿಲ್ದಾಣದಲ್ಲಿ ಬೆಂಚು ಯಾಕಿಲ್ಲ ಎಂದು ಕೇಳಿದೆ. "ಇದನ್ನ ಮಂಡಿಸಿದಾವಗ ಸ್ವಂತ ಜೀಪ್ ಇತ್ತವಾ," ಎಂದಳು. "ಬಸ್ಸಿಗೆ ಕಾಯೂದು ಅಂದ್ರ ಏನಂತ ಅವಗ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಹೆಂಗ ಬರಬೇಕು?"

ಆ ಊರಿನ ಸಂಗತಿ ನಾನು ಕೇಳಿ ತಿಳಿದೇ ಹೋಗಿದ್ದೆ. ಅಲ್ಲಿನ ಪುರಸಭೆಯಲ್ಲಿ ಒಂದು ಠರಾವು ಪಾಸಾದರೆ ಮರುದಿನ ಬೆಳಗಾಗುವಷ್ಟರಲ್ಲಿ ಅದು ಊರಲ್ಲಿ ಬಂದು ನಿಂತಿರುತ್ತದೆ. ಕಟ್ಟುವವರು ಯಾರೂ ಇಲ್ಲ. ಅದನ್ನು ಮಂಡಿಸಿದ ಸದಸ್ಯರಿಗೆ ಎಷ್ಟು ಗೊತ್ತೋ ಅಷ್ಟು ಬರುತ್ತದೆ, ಒಂದು ಮೊಳೆಯೂ ಹೆಚ್ಚಿರುವುದಿಲ್ಲ. ಆಮೇಲೆ ಯಾರಾದರೂ ಕೈಯಿಂದ ಏನಾದರೂ ಸೇರಿಸಿದರೆ ಬೆಳಗಿನ ಹೊತ್ತಿಗೆ ಅದು ಕಳಚಿ ಬಿದ್ದಿರುತ್ತದೆ. ಒಮ್ಮೆ ಬಂದದ್ದನ್ನು ಎರಡನೇ ಸಲ ಕೇಳುವಂತಿಲ್ಲ. ಊರವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಬಂದದ್ದಕ್ಕೆ ಹೊಂದಿಕೊಂಡು ಬದುಕುತ್ತಿದ್ದರು.

ರಾಜಕೀಯಕ್ಕೆ ಹೆಂಗಸರು ಬಂದರೆ ಸಾರ್ವಜನಿಕ ಕೆಲಸಗಳಲ್ಲಿ ಏನು ಬದಲಾಗುತ್ತದೆ ಎಂಬುದು ನನ್ನ ಪಿಎಚ್‌ಡಿಯ ವಿಷಯ. ಬೇರೆ ಊರುಗಳಲ್ಲಿ ಇದನ್ನು ಅಳೆಯುವುದು ಕಷ್ಟ. ನಿರ್ಧಾರಕ್ಕೂ ಫಲಕ್ಕೂ ನಡುವೆ ಟೆಂಡರು, ಗುತ್ತಿಗೆದಾರ, ಇಂಜಿನಿಯರು ಎಲ್ಲ ಬಂದು, ಯಾರ ಮಾತಿನಿಂದ ಏನಾಯಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಈ ಊರಲ್ಲಿ ಮಾತಾಡಿದವರ ಹೆಸರು ರಿಜಿಸ್ಟರಿನಲ್ಲಿತ್ತು, ಅವರ ಮಾತು ಬೀದಿಯಲ್ಲಿ ನಿಂತಿತ್ತು. ನನ್ನ ಗೈಡ್ ಅನಸೂಯಾ ಮೇಡಂ ನಲವತ್ತೆರಡು ಪ್ರಶ್ನೆಗಳ ಫಾರಂ ತಿದ್ದಿಕೊಟ್ಟು ಹೇಳಿದ್ದರು: "ಇಂಥ ಊರು ಸಿಗೋದೇ ಪುಣ್ಯ. ನೋಡು, ಕೇಳು, ಬರ್ಕೋ. ಯಾವುದಕ್ಕೂ ಕೈ ಹಾಕಬೇಡ. ನೀನು ಕೈ ಹಾಕಿದ ದಿನದಿಂದ ಅದು ಸಂಶೋಧನೆಯಾಗಿ ಉಳಿಯಲ್ಲ."

ಪುರಸಭೆಯ ಗುಮಾಸ್ತ ಗುರುಶಾಂತಪ್ಪ ಅರವತ್ತು ವರ್ಷಗಳ ರಿಜಿಸ್ಟರುಗಳನ್ನು ನನ್ನ ಮುಂದೆ ಪೇರಿಸಿಟ್ಟ. ನಾನೂರ ಹನ್ನೆರಡು ಠರಾವುಗಳಿದ್ದವು. ಹದಿನೆಂಟು ವರ್ಷಗಳಿಂದ ಐದು ಸ್ಥಾನಗಳು ಹೆಂಗಸರಿಗೆ ಮೀಸಲಾಗಿದ್ದವು, ಪ್ರತಿ ಸಲವೂ ಐವರು ಹೆಂಗಸರು ಆರಿಸಿ ಬಂದಿದ್ದರು, ಪ್ರತಿ ಸಭೆಗೂ ಸಹಿ ಹಾಕಿದ್ದರು. ಮಂಡಿಸಿದವರು ಎಂಬ ಅಂಕಣದಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಇದು ಯಾಕೆ ಹೀಗೆ ಎಂದರೆ ಗುರುಶಾಂತಪ್ಪ, "ಅವರ ಮನ್ಯಾವರು ಬಂದು ಮಾತಾಡ್ತಾರಲ್ರಿ, ಊರಿನ ಗಂಡಸರು ಮಂಡಸ್ತಾರ," ಎಂದ.

ರಿಜಿಸ್ಟರು ಹಿಡಿದುಕೊಂಡು ಊರೆಲ್ಲ ಸುತ್ತಿದೆ. ಗರಡಿಮನೆ ನೋಡಿ ಬೆರಗಾದೆ. ಮಣ್ಣಿನ ಹದ, ಎಣ್ಣೆ ಬಟ್ಟಲಿಡುವ ಗೂಡು, ಬೆವರು ಒರೆಸುವ ಬಟ್ಟೆಗೆ ಗೂಟ, ಒಂದೂ ತಪ್ಪಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಒಲೆಗಳಿದ್ದವು, ಹೊಗೆ ಹೋಗಲು ದಾರಿಯಿರಲಿಲ್ಲ. ಅಡುಗೆಯವರು ಅಂಗಳದಲ್ಲಿ ಮೂರು ಕಲ್ಲಿಟ್ಟು ಬೇಯಿಸುತ್ತಿದ್ದರು. ಹೆಂಗಸರ ಶೌಚಾಲಯದ ಬಾಗಿಲಿಗೆ ಹೊರಗೆ ಚಿಲಕವಿತ್ತು, ಒಳಗೆ ಇರಲಿಲ್ಲ. ಅಲ್ಲಿಗೆ ಜೋಡಿಯಾಗಿ ಹೋಗುತ್ತಿದ್ದರು, ಒಬ್ಬಳು ಒಳಗೆ, ಇನ್ನೊಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ. ಮೂವತ್ತು ವರ್ಷಗಳಿಂದ ಅದೇ ರೂಢಿ. ಆ ಬಾಗಿಲ ಬಳಿ ಬೆಳೆದ ಗೆಳೆತನ ಬಹಳ ಗಟ್ಟಿ ಎಂದು ಊರ ಹೆಂಗಸರು ನಗುತ್ತಿದ್ದರು.

ಮೂರನೇ ವಾರ್ಡಿನ ಸದಸ್ಯೆ ಫಕೀರವ್ವ ನೇಕಾರರ ಓಣಿಯವಳು. ನಲವತ್ತೈದರ ಆಸುಪಾಸು ಇರಬೇಕು. ನಾನು ಹೋದಾಗ ರಾಟೆಯ ಮುಂದೆ ಕೂತು, ಗಂಡನ ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕಂಡಿಕೆಗಳಿಗೆ ಸುತ್ತುತ್ತಿದ್ದಳು. ಗಂಡ ಯಮನೂರಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು ನನಗೆ ಚಾಪೆ ಹಾಸಿದ. ಊರಲ್ಲಿ ಎಲ್ಲರೂ ಮೆಂಬರ್ ಎಂದು ಕರೆಯುತ್ತಿದ್ದದ್ದು ಅವನನ್ನು. ಸಭೆಯಲ್ಲಿ ಎಷ್ಟು ಸಲ ಮಾತಾಡಿದ್ದೀರಿ ಎಂದು ನಾನು ಫಕೀರವ್ವನನ್ನು ಕೇಳಿದೆ. "ನಾಲ್ಕು ವರ್ಷದಾಗ ಒಂದ ಮೀಟಿಂಗೂ ತಪ್ಪಿಸಿಲ್ರಿ," ಎಂದ ಯಮನೂರಪ್ಪ. ನಾನು ಕೇಳಿದ್ದು ಅವರನ್ನು ಎಂದೆ. "ಆಕಿ ಬ್ಯಾರೆ, ನಾ ಬ್ಯಾರೆ ಏನ್ರಿ?" ಎಂದು ನಿಜಕ್ಕೂ ಆಶ್ಚರ್ಯಪಟ್ಟ. ಅವನು ಕೆಟ್ಟವನಾಗಿರಲಿಲ್ಲ. ನಲವತ್ತೆರಡು ಪ್ರಶ್ನೆಗಳಿಗೂ ಶ್ರದ್ಧೆಯಿಂದ ಉತ್ತರ ಕೊಟ್ಟ. ಫಕೀರವ್ವನ ರಾಟೆ ಒಂದೇ ಸಮ ತಿರುಗುತ್ತಿತ್ತು. ಹೊರಡುವಾಗ ಬಾಗಿಲವರೆಗೆ ಬಂದು ಅವಳು ಒಂದೇ ಮಾತು ಹೇಳಿದಳು: "ನಿಮ್ಮ ಪ್ರಶ್ನಿ ಚಲೋ ಅದಾವ್ರಿ ಅಕ್ಕಾರ. ಒಂದರ ಹಿಂದ ಒಂದು ಬರ್ತಾವ."

ಆ ಊರಲ್ಲಿ ಹೆರಿಗೆ ಆಸ್ಪತ್ರೆ ಇರಲಿಲ್ಲ. ಅರವತ್ತು ವರ್ಷಗಳಲ್ಲಿ ಯಾರೂ ಅದನ್ನು ಮಂಡಿಸಿರಲಿಲ್ಲ. ಪೇಟೆ ಬಹಳ ದೂರ, ಕಷ್ಟದ ಹೆರಿಗೆಯಾದರೆ ಹರಗೋಲಿನಲ್ಲಿ ಹೊಳೆ ದಾಟಿಸಿ ಆ ದಂಡೆಯ ದವಾಖಾನೆಗೆ ಒಯ್ಯಬೇಕಿತ್ತು. ನಾನು ಹೋದ ತಿಂಗಳಲ್ಲೇ ಸಾವಂತ್ರಿ ಎಂಬ ಹುಡುಗಿ ನಡುಹೊಳೆಯಲ್ಲಿ ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಊರು ಹೆದರಿತು. ಪುರಸಭೆಯ ಅಧ್ಯಕ್ಷ ಬಾಪುಗೌಡರು ಬರುವ ಸೋಮವಾರ ಬಿಟ್ಟು ಅದರಾಚೆಯ ಸೋಮವಾರ ಹೆರಿಗೆ ಆಸ್ಪತ್ರೆಯ ಠರಾವನ್ನು ತಾವೇ ಮಂಡಿಸುವುದಾಗಿ ಸಾರಿದರು. ಗೌಡರು ಒಳ್ಳೆಯ ಮನುಷ್ಯ. ಇದಕ್ಕಾಗಿಯೇ ಪೇಟೆಗೆ ಹೋಗಿ ಅಲ್ಲಿನ ಹೆರಿಗೆ ಆಸ್ಪತ್ರೆ ನೋಡಿ ಬಂದಿದ್ದರು. ಒಳಗೆ ಗಂಡಸರನ್ನು ಬಿಡಲಿಲ್ಲವೆಂದು ಅರ್ಧ ದಿನ ವರಾಂಡದಲ್ಲಿ ನಿಂತು ನೋಡಿದ್ದರು. "ವರಾಂಡಾ ಭಾಳ ಚಂದ ಐತ್ರಿ ಅಕ್ಕಾರ," ಎಂದು ನನಗೆ ಬಣ್ಣಿಸಿದರು. "ಕಲ್ಲಿನ ನೆಲ, ಅಗಲಾದ ಮೆಟ್ಟಲಾ."

ಮರುದಿನ ಮಧ್ಯಾಹ್ನ ಫಕೀರವ್ವ ಒಬ್ಬಳೇ ನನ್ನ ಬಾಡಿಗೆ ಕೋಣೆಗೆ ಬಂದಳು. ಹೊಸ್ತಿಲಲ್ಲೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಗೌಡ್ರು ಮಂಡಿಸಿದ್ರ ಊರಿಗೆ ಒಂದು ವರಾಂಡಾ ಬರ್ತೈತಿ," ಎಂದಳು. "ನಿಮ್ಮ ಫಾರಂನ್ಯಾಗ ಪ್ರಶ್ನಿ ಅದಾವಲ್ಲ, ಅಂಥಾವ ಹೆರಿಗಿದು ಮಾಡಿಕೊಡ್ರಿ. ಮನಿಮನಿಗೆ ಹೋಗಿ ಕೇಳ್ತೀನಿ." ನಿಮಗೇ ಇಬ್ಬರು ಮಕ್ಕಳಿದ್ದಾರಲ್ಲ, ಗೊತ್ತಿರುವುದೇ ತಾನೇ ಎಂದೆ. "ನಂದು ನನಗ ಗೊತ್ತೈತಿ. ಸೂಲಗಿತ್ತಿ ಹುಸೇನಬಿಗೆ ಗೊತ್ತಿದ್ದದ್ದು ನನಗ ಗೊತ್ತಿಲ್ಲ. ಹೊಳಿಯೊಳಗ ಹಡದಾಕಿಗೆ ಗೊತ್ತಿದ್ದದ್ದು ಹುಸೇನಬಿಗೂ ಗೊತ್ತಿಲ್ಲ."

ನನಗೆ ಅನಸೂಯಾ ಮೇಡಂ ಮಾತು ನೆನಪಾಯಿತು. ನಾನು ಇಂಥದಕ್ಕೆಲ್ಲ ಕೈ ಹಾಕಬಾರದು, ನನ್ನ ಕೆಲಸ ನೋಡುವುದಷ್ಟೇ ಎಂದು ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿದಳು. "ನೀವು ಕೈ ಹಾಕಬ್ಯಾಡ್ರಿ. ನೋಡಕೋತ ಬರ್ರಿ. ಕೇಳೂದು ಹೆಂಗ ಅಂತ ಒಂದಿಷ್ಟು ಕಲಸ್ರಿ, ಸಾಕು." ಕಾಲೇಜಿನಲ್ಲೇ ಏಳು ವರ್ಷ ಓದಿದ ನನ್ನನ್ನು ಅದುವರೆಗೆ ಯಾರೂ ಏನನ್ನೂ ಕಲಿಸು ಎಂದು ಕೇಳಿರಲಿಲ್ಲ. ಫಾರಂ ಬದಿಗಿಟ್ಟು, ಹೂಂ ಅಥವಾ ಊಹೂಂ ಎಂದು ಮುಗಿದುಹೋಗುವ ಪ್ರಶ್ನೆ ಕೇಳಬಾರದು ಎಂದು ಹೇಳಿಕೊಟ್ಟೆ. ಉತ್ತರ ಬರುವ ಮೊದಲು ತಾನೇ ಉತ್ತರ ಹೇಳಬಾರದು, ಮಾತು ನಿಂತಾಗ ಕಾಯಬೇಕು. ಕಾಯುವುದು ಅವಳಿಗೆ ಕಲಿಸಬೇಕಾಗಿರಲಿಲ್ಲ.

ಒಂಬತ್ತು ದಿನ ಊರು ಸುತ್ತಿದೆವು. ಸೂಲಗಿತ್ತಿ ಹುಸೇನಬಿ, ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಕೈಯಲ್ಲಿ ಹಿಡಿದವಳು, ಮಂಚದ ಎತ್ತರದಿಂದ ಶುರುಮಾಡಿದಳು. ಬಸುರಿ ಕೂತರೆ ಅಂಗಾಲು ನೆಲಕ್ಕೆ ಊರಬೇಕು. ತೊಲೆಯಿಂದ ಹಗ್ಗ ಇಳಿದಿರಬೇಕು, ನೋವು ಬಂದಾಗ ಜಗ್ಗಿ ಹಿಡಿಯಲು. ಕಾಲು ಒತ್ತಲು ಎದುರಿಗೆ ಗೋಡೆ ಬೇಕು. ಸಾವಂತ್ರಿ ಬಹಳ ಹೊತ್ತು ಯೋಚಿಸಿ, ಮೇಲೆ ನೋಡಿದರೆ ದೀಪ ಕಣ್ಣಿಗೆ ಹೊಡೆಯಬಾರದು ಎಂದಳು. ಒಬ್ಬಳು ಬಟ್ಟೆ ಒಗೆಯುವ ಜಾಗ ಮರೆಯಲ್ಲಿರಬೇಕೆಂದಳು. ಒಬ್ಬಳು ಜೊತೆಗೆ ಬಂದ ತಾಯಿ ಎಲ್ಲಿ ಮಲಗಬೇಕು ಎಂದು ಕೇಳಿದಳು. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು ಎಂದವಳು ಹೂವು ಮಾರುವ ಶಾಂತವ್ವ. ಅವಳ ಅಕ್ಕ ಒಳಗೆ ಬಿದ್ದಾಗ ಒಳಕ್ಕೆ ತೆರೆಯುವ ಬಾಗಿಲಿಗೆ ಅವಳ ಮೈಯೇ ಅಡ್ಡವಾಗಿ, ಹೊರಗಿನವರು ತೆಗೆಯಲಾಗದೆ ಒದ್ದಾಡಿದ್ದರು. ಇನ್ನೊಬ್ಬಳು, "ಬೈಯ್ಯೂದಿಲ್ಲದ ಜಾಗ ಬೇಕವಾ," ಎಂದು ಹೇಳಿ ಎದ್ದು ಒಳಗೆ ಹೋದಳು.

ಫಕೀರವ್ವನಿಗೆ ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ಮನೆಗೆ ಬಂದು ರಾಟೆ ತಿರುಗಿಸುತ್ತ, ಅವತ್ತು ಕೇಳಿದ್ದನ್ನು ಮೊದಲಿನಿಂದ ಹೇಳಿಕೊಳ್ಳುತ್ತಿದ್ದಳು. ಯಾರ ಮನೆಯಲ್ಲಿ ಯಾರು ಏನೆಂದರು, ಹೇಳುವಾಗ ಕೈ ಹೇಗೆ ಆಡಿಸಿದರು, ಎಲ್ಲ. ನನ್ನ ಟಿಪ್ಪಣಿಗಳನ್ನು ತೆರೆದು ಹೋಲಿಸುತ್ತಿದ್ದೆ. ಒಮ್ಮೆಯೂ ಅವಳು ತಪ್ಪಲಿಲ್ಲ. ನನ್ನ ಟಿಪ್ಪಣಿಯಲ್ಲಿ ಇಲ್ಲದ್ದು ಮಾತ್ರ ಎಷ್ಟೋ ಸಲ ಅವಳ ಬಾಯಲ್ಲಿ ಬಂತು.

ಐದನೆಯ ದಿನ ಯಮನೂರಪ್ಪ ಮಗ್ಗ ನಿಲ್ಲಿಸಿ ಕೇಳಿಸಿಕೊಂಡ. "ಇಷ್ಟೆಲ್ಲಾ ಯಾಕ ಮೈಮ್ಯಾಲ ಹಾಕ್ಕೋತಿ? ನನಗ ಹೇಳು, ಗೌಡ್ರಿಗೆ ನಾ ಹೇಳ್ತೀನಿ," ಎಂದ. ಫಕೀರವ್ವ ರಾಟೆಯಿಂದ ಕೈ ತೆಗೆಯದೆ, "ನಿನಗ ಹೇಳಬೌದು," ಎಂದಳು. "ನಾ ಹೇಳಿದ್ದಷ್ಟ ನಿನಗ ಗೊತ್ತಾಗತೈತಿ. ನೀ ಹೇಳಿದ್ದಷ್ಟ ಗೌಡ್ರಿಗೆ ಗೊತ್ತಾಗತೈತಿ. ಆಮ್ಯಾಲೆ ಬರೂದು ಎಷ್ಟು?" ಯಮನೂರಪ್ಪ ಮಗ್ಗಕ್ಕೆ ಮರಳಿದ. ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಾವು ಹೊರಟಾಗ, "ಬಿಸಲ ಭಾಳ ಐತಿ," ಎಂದು ಕೊಡೆ ತಂದು ಹೆಂಡತಿಯ ಕೈಗೆ ಕೊಟ್ಟ.

ಆ ಸೋಮವಾರ ಹನ್ನೊಂದಕ್ಕೆ ಸಭೆ ಸೇರಿತು. ಮೇಜಿನ ಸುತ್ತ ಹದಿನೇಳು ಕುರ್ಚಿ. ಐವರು ಸದಸ್ಯೆಯರ ಕುರ್ಚಿಗಳಲ್ಲಿ ಅವರ ಗಂಡಂದಿರೋ ಮೈದುನರೋ ಕೂರುವುದು ವಾಡಿಕೆ. ಸದಸ್ಯೆಯರು ಸಹಿ ಹಾಕಿ ಗೋಡೆಯ ಬದಿಯ ಉದ್ದ ಹಲಗೆಯ ಮೇಲೆ ಕೂರುತ್ತಿದ್ದರು. ನಾನೂ ಅಲ್ಲೇ ಕೂತೆ. ಅಂದು ಯಮನೂರಪ್ಪ ಕುರ್ಚಿಯ ಹತ್ತಿರ ಹೋದವನು ಕೂರಲಿಲ್ಲ. ಅದನ್ನು ಹಿಂದಕ್ಕೆ ಎಳೆದು ಹೆಂಡತಿಯ ಕಡೆ ನೋಡಿದ. ಅವಳು ಹೋಗಿ ಕೂತಳು. ಅವನು ಬಂದು ಹಲಗೆಯ ಮೇಲೆ ನನ್ನ ಪಕ್ಕ ಕೂತ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಗುರುಶಾಂತಪ್ಪ ವಿಷಯ ಓದಿ, ಮಂಡಿಸುವವರು ಯಾರು ಎಂದ. ಗೌಡರು ಎದ್ದರು. ಫಕೀರವ್ವನೂ ಎದ್ದಳು. "ಗೌಡ್ರ, ಇದನ್ನ ನಾ ಮಂಡಸ್ತೀನಿ." ಗುರುಶಾಂತಪ್ಪ ಪೆನ್ನು ಕೆಳಗಿಟ್ಟ. "ಯಾಕವಾ, ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಎಂದರು ಗೌಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಐತ್ರಿ. ಒಂದು ಮಾತು ಕೇಳ್ತೀನಿ. ಹೆರಿಗಿ ಮನಿ ಬಚ್ಚಲ ಬಾಗಲಾ ಒಳಗ ತೆರೀಬೇಕೋ ಹೊರಗ ತೆರೀಬೇಕೋ?" ಗೌಡರು ನಿಂತೇ ಯೋಚಿಸಿದರು. ಮೇಜಿನ ಸುತ್ತ ನೋಡಿದರು. ಯಾರಿಗೂ ಗೊತ್ತಿರಲಿಲ್ಲ. "ಅದನ್ನ ನಾ ವಿಚಾರ ಮಾಡಿಲ್ಲವಾ," ಎಂದರು. ಆಮೇಲೆ ಕೂತು, "ನೀನ ಮಂಡಸು," ಎಂದರು. ಇಷ್ಟು ಸುಲಭವಾಗಿ ಸೋಲುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಅವಳು ಹನ್ನೊಂದೂಕಾಲಿಗೆ ಶುರುಮಾಡಿದಳು, ನಿಲ್ಲಿಸಿದಾಗ ನಾಲ್ಕು ದಾಟಿತ್ತು. ಬಾಗಿಲಿನಿಂದ ಒಳಗೆ ಹೆಜ್ಜೆಯಿಟ್ಟವಳಂತೆ ಒಂದೊಂದಾಗಿ ಹೇಳುತ್ತ ಹೋದಳು. ಇಲ್ಲಿ ಕಾಲು ತೊಳೆಯುವ ನೀರು, ಇಲ್ಲಿ ನೋವು ತಿನ್ನುತ್ತ ಓಡಾಡಲು ಇಪ್ಪತ್ತು ಹೆಜ್ಜೆಯ ಜಾಗ, ಗೋಡೆಗೆ ಸೊಂಟದ ಎತ್ತರದಲ್ಲಿ ಹಿಡಿಯಲು ಕಟ್ಟಿಗೆಯ ಹಿಡಿ. ಪ್ರತಿಯೊಂದಕ್ಕೂ ಹೇಳಿದವರ ಹೆಸರು ಸೇರಿಸುತ್ತಿದ್ದಳು. ಇದು ಹುಸೇನಬಿದು, ಇದು ಸಾವಂತ್ರಿದು, ಇದು ಹೂವಿನ ಶಾಂತವ್ವಂದು. ಒಬ್ಬಿಬ್ಬರು ಸದಸ್ಯರು ಮೊದಲು ಮುಜುಗರದಿಂದ ಕಿಟಕಿ ನೋಡಿದರು. ಗಂಟೆ ಕಳೆದಂತೆ ಅವರೂ ತಿರುಗಿ ಕೂತರು. ಗುರುಶಾಂತಪ್ಪ ಬರೆದೂ ಬರೆದೂ ಬೆರಳು ಹಿಸುಕಿಕೊಂಡು ಮತ್ತೆ ಬರೆದ. ಒಂದು ಕಡೆ ಅವಳು ಎರಡು ಮಂಚಗಳ ನಡುವಿನ ಅಂತರ ಹೇಳುತ್ತಿದ್ದಾಗ, ಹಲಗೆಯ ಮೇಲಿದ್ದ ಇನ್ನೊಬ್ಬ ಸದಸ್ಯೆ ಕೂತಲ್ಲಿಂದಲೇ, "ಇನ್ನೊಂದು ಗೇಣು ಬೇಕ," ಎಂದಳು. ಹದಿನೆಂಟು ವರ್ಷಗಳಲ್ಲಿ ಆ ಹಲಗೆಯಿಂದ ಬಂದ ಮೊದಲ ಮಾತು ಅದು. ಫಕೀರವ್ವ ಒಂದು ಗೇಣು ಸೇರಿಸಿ ಮುಂದುವರಿದಳು.

ನನ್ನ ಪ್ರಬಂಧದಲ್ಲಿ ಆ ಸಭೆಯ ಬಗ್ಗೆ ನಾಲ್ಕು ಪುಟ ಇದೆ. ಅದರಲ್ಲಿ ಬರೆಯಲಾಗದ್ದು, ಓದು ಬರಹ ಅಷ್ಟಾಗಿ ಬಾರದ ಒಬ್ಬ ಹೆಂಗಸು ಇಡೀ ಊರಿನ ಹೆಂಗಸರನ್ನು ತನ್ನೊಳಗೆ ಹೊತ್ತು ನಿಂತದ್ದು. ಠರಾವು ಪಾಸಾಯಿತು ಎಂದಾಗ ಯಮನೂರಪ್ಪ ನನ್ನ ಪಕ್ಕದಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಊರೆಲ್ಲ ಅಲ್ಲಿತ್ತು. ದೊಡ್ಡ ಕಟ್ಟಡವೇನೂ ಆಗಿರಲಿಲ್ಲ, ಸುಣ್ಣ ಬಳಿದ ಗೋಡೆ, ತಗ್ಗಿನ ಮೆಟ್ಟಿಲು, ಅಷ್ಟೇ. ಒಳಗೆ ಹುಸೇನಬಿ ಮಂಚದ ಮೇಲೆ ಕೂತು ಅಂಗಾಲು ನೆಲಕ್ಕೆ ತಾಗಿದ್ದನ್ನು ಬಗ್ಗಿ ನೋಡಿದಳು. ಹಗ್ಗ ಹಿಡಿದು ಜಗ್ಗಿದಳು. ಸಾವಂತ್ರಿ ಕೂಸನ್ನು ಎದೆಗವಚಿಕೊಂಡು ಅಂಗಾತ ಮಲಗಿ, ಕಣ್ಣು ಬಿಟ್ಟುಕೊಂಡೇ ಬಹಳ ಹೊತ್ತು ಇದ್ದಳು. ಶಾಂತವ್ವ ಬಚ್ಚಲ ಬಾಗಿಲನ್ನು ಹೊರಕ್ಕೆ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಬೈಯುವುದಿಲ್ಲದ ಜಾಗ ಬೇಕೆಂದವಳು ಓಡಾಡುವ ಜಾಗದಲ್ಲಿ ನಿಂತಿದ್ದಳು. ಅಲ್ಲಿ ಎಲ್ಲರ ದನಿಯೂ ತಾನಾಗಿ ತಗ್ಗುತ್ತಿತ್ತು. ಅದು ಹೇಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಟಿಪ್ಪಣಿ ಹಿಡಿದು ಫಕೀರವ್ವನ ಜೊತೆ ಒಂದೊಂದನ್ನೇ ಗುರುತು ಹಾಕುತ್ತ ನಡೆದೆ. ಎಲ್ಲ ಇತ್ತು. ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಜಾಗ ದಾಟಿದ ಮೇಲೆ ಒಂದು ಬಾಗಿಲಿತ್ತು. ಅದು ನನ್ನ ಟಿಪ್ಪಣಿಯಲ್ಲಿರಲಿಲ್ಲ. ತೆರೆದೆ. ಸಣ್ಣ ಕೋಣೆ, ಒಂದು ಮಂಚ, ಮಂಚದ ಪಕ್ಕ ಒಂದು ಕುರ್ಚಿ, ಹೊಳೆಯ ಕಡೆಗೆ ಒಂದು ಕಿಟಕಿ. ಉಳಿದ ಕೋಣೆಗಳಲ್ಲಿದ್ದ ತೊಟ್ಟಿಲ ಕೊಂಡಿ ಇಲ್ಲಿರಲಿಲ್ಲ. ಗೋಡೆಗಳು ಎಷ್ಟು ದಪ್ಪವಿದ್ದವೆಂದರೆ, ಬಾಗಿಲು ಮುಚ್ಚಿದಾಗ ಸಾವಂತ್ರಿಯ ಕೂಸಿನ ಅಳು ಪೂರ್ತಿ ನಿಂತುಹೋಯಿತು.

"ಇದನ್ನು ನೀವು ಹೇಳಲಿಲ್ಲ," ಎಂದೆ. "ಇಲ್ಲ," ಎಂದಳು ಫಕೀರವ್ವ. ಅವಳು ಗೋಡೆ ಹಿಡಿದು ನಿಂತಿದ್ದಳು. ನಾನು ಕಾದೆ. "ನಂದು ಮೊದಲನೇದು, ಆ ದಂಡಿ ದವಾಖಾನಿಯೊಳಗ. ಹುಟ್ಟಿದ್ದು ಉಸಿರು ಹಾಕಲಿಲ್ಲ. ಎಡಕ ಒಬ್ಬಾಕಿ ಕೂಸು, ಬಲಕ ಒಬ್ಬಾಕಿ ಕೂಸು, ನಡುವ ನಾನು. ಮೂರು ದಿನ ಅಲ್ಲೇ ಮಲಗಿಸಿದ್ರು. ಅವು ಅತ್ತಾಗೆಲ್ಲ ನನಗ ಹಾಲು ಇಳೀತಿತ್ತು." ಸೆರಗು ಎಳೆದುಕೊಂಡಳು. ಇದನ್ನು ಯಾರಿಗೂ ಹೇಳಿರಲಿಲ್ಲವೇ ಎಂದು ಕೇಳಿದೆ. "ಯಾರೂ ಕೇಳಿರಲಿಲ್ಲ. ನಾವು ಒಂಬತ್ತು ದಿನ ಊರೆಲ್ಲಾ ಕೇಳಿದಿವಿ ತಂಗಿ. ಇದನ್ನ ನಾವೂ ಯಾರನ್ನೂ ಕೇಳಲಿಲ್ಲ."

ಯಮನೂರಪ್ಪ ಬಾಗಿಲು ತೆರೆದು ನಿಂತಿದ್ದ. ಯಾವಾಗ ಬಂದನೋ ಗೊತ್ತಾಗಲಿಲ್ಲ. ಕಿಟಕಿ ನೋಡಿದ, ಮಂಚ ನೋಡಿದ. "ಕುರ್ಚಿ ಯಾರಿಗೆ?" ಎಂದು ಕೇಳಿದ. "ನಿನಗ," ಎಂದಳು. "ಅವತ್ತ ನಿನ್ನ ಒಳಗ ಬಿಡಲಿಲ್ಲ." ಅವನು ಬಂದು ಕುರ್ಚಿಯ ಮೇಲೆ ಕೂತ. ಅವಳು ಮಂಚದ ಮೇಲೆ ಕೂತಳು. ನಾನು ಹೊರಗೆ ಬಂದು ಬಾಗಿಲೆಳೆದುಕೊಂಡೆ.

ಅವರು ಹೊರಬಂದ ಮೇಲೆ ಹುಸೇನಬಿ ಆ ಕೋಣೆಗೆ ಹೋದಳು. ಒಳಗೇನಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಇಣುಕಿ ನೋಡಿ ತಾನೇ ತಿಳಿದುಕೊಂಡಳು. ಅವಳು ಹೊರಬಂದ ಮೇಲೆ ಇನ್ನೊಬ್ಬ ಮುದುಕಿ ಹೋದಳು. ಮಧ್ಯಾಹ್ನದ ಹೊತ್ತಿಗೆ ಆ ಬಾಗಿಲಿನಿಂದ ಅಂಗಳದವರೆಗೆ ಸಾಲು ನಿಂತಿತ್ತು. ಬಹುತೇಕ ಎಲ್ಲರೂ ವಯಸ್ಸಾದವರು, ಹೆರುವ ಕಾಲ ಎಂದೋ ಮುಗಿದವರು. ಒಬ್ಬೊಬ್ಬರೇ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಸಾಲಿನಲ್ಲಿ ಎಷ್ಟು ಜನ ಎಂದು ಎಣಿಸಲು ಶುರುಮಾಡಿದೆ, ಎಪ್ಪತ್ತಕ್ಕೆ ಬಿಟ್ಟುಬಿಟ್ಟೆ.

ಬಾಪುಗೌಡರ ತಾಯಿ ಕೋಲೂರಿಕೊಂಡು ಬಂದಳು. ಎಂಬತ್ತೈದು ದಾಟಿದ ಜೀವ. ಸಾಲಿನವರು ದಾರಿ ಬಿಟ್ಟರು, ಅವಳು ಬೇಡವೆಂದು ತನ್ನ ಸರದಿಗೆ ನಿಂತಳು. ಅವಳು ಒಳಗೆ ಹೋದ ಮೇಲೆ ಗೌಡರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಒಳಗ ಏನೈತ್ರಿ ಅಕ್ಕಾರ? ನಮ್ಮವ್ವಗ ಅಲ್ಲೇನು ಕೆಲಸ?"

"ಕೂಸು ಉಳಿಯದ ತಾಯಂದಿರಿಗೆ ಅಂತ ಒಂದು ಮಂಚ, ಒಂದು ಕಿಟಕಿ," ಎಂದೆ. "ಜೊತೆಗೆ ಕೂರುವವರಿಗೆ ಒಂದು ಕುರ್ಚಿ."

ಅವರು ಮುಚ್ಚಿದ ಬಾಗಿಲು ನೋಡುತ್ತ ನಿಂತರು. "ನಾವು ಐದು ಮಂದಿ ಮಕ್ಕಳು," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಐದ ಅಂತ ತಿಳಕೊಂಡಿದ್ದೆ," ಎಂದರು. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು, ಚಪ್ಪಲಿ ಹೊರಗೆ ಬಿಟ್ಟರು, ಬಾಗಿಲನ್ನು ಬೆರಳಿನಿಂದ ತಟ್ಟಿ, "ಅವ್ವಾ, ಬರಲೇನು?" ಎಂದು ಕೇಳಿ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಸಾಲಿನಲ್ಲಿ ಯಾರೂ ಅವಸರ ಮಾಡಲಿಲ್ಲ.